ಪಿಸಿ ಗೇಮ್ ಎಲ್ಲಿ ಕೊಳ್ಳಬೇಕು? ಸ್ಟೀಮ್, ಎಪಿಕ್, ಗಾಗ್: ದುಡ್ಡು ಕೊಟ್ಟ ಮೇಲೆ ಕೈಗೆ ಬರುವುದೇನು

[ತೆರೆಯ ಮೇಲೆ: ಒಂದೇ ಗೇಮಿನ ಮೂರು ಅಂಗಡಿ ಪುಟಗಳು, ಅಕ್ಕಪಕ್ಕ]

ಸ್ಟೀಮ್, ಎಪಿಕ್, ಗಾಗ್ ಮೂರೂ ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿಗಳು. ಸೈಬರ್‌ಪಂಕ್ 2077 ಗೇಮ್ ಸ್ಟೀಮ್‌ನಲ್ಲೂ ಸಿಗುತ್ತೆ, ಎಪಿಕ್‌ನಲ್ಲೂ ಸಿಗುತ್ತೆ, ಗಾಗ್‌ನಲ್ಲೂ ಸಿಗುತ್ತೆ. ಗೇಮ್ ಅದೇ, ಕಥೆ ಅದೇ, ಗ್ರಾಫಿಕ್ಸ್ ಅದೇ. ಹಾಗಾದರೆ ಎಲ್ಲಿ ಅಗ್ಗವೋ ಅಲ್ಲಿ ಕೊಂಡರೆ ಆಯ್ತಲ್ಲ ಅಂತ ನಿಮ್ಮಲ್ಲಿ ತುಂಬಾ ಜನ ಕೇಳಿದ್ದೀರಿ. ಇಲ್ಲ, ಅಷ್ಟಕ್ಕೇ ಮುಗಿಯುವುದಿಲ್ಲ. ಮೂರೂ ಕಡೆ ಗೇಮ್ ಒಂದೇ ಆದರೂ ನಿಮಗೆ ಸಿಗುವ ಹಕ್ಕು ಬೇರೆ ಬೇರೆ. ಬೆಲೆಯ ಪಟ್ಟಿಯಲ್ಲಿ ಅದು ಎಲ್ಲೂ ಕಾಣುವುದಿಲ್ಲ.

[ತೆರೆಯ ಮೇಲೆ: ಮೂರು ಲೋಗೋ, ಪಕ್ಕದಲ್ಲಿ ಇಸವಿ]

ಪರಿಚಯ ಬೇಗ ಮುಗಿಸೋಣ. ಸ್ಟೀಮ್, ವಾಲ್ವ್ ಕಂಪನಿಯದ್ದು, ಶುರುವಾಗಿದ್ದು 2003ರಲ್ಲಿ. ಗಾಗ್, 2008ರಿಂದ ಇದೆ, ಡಿಆರ್‌ಎಂ ಅನ್ನೋ ಬೀಗ, ಅಂದರೆ ಕೊಂಡವರೇ ಆಡುತ್ತಿದ್ದಾರಾ ಅಂತ ತಪಾಸಣೆ ಮಾಡುವ ವ್ಯವಸ್ಥೆ, ಇಲ್ಲದ ಗೇಮ್ ಮಾರುತ್ತೆ. ಎಪಿಕ್ ಗೇಮ್ಸ್ ಸ್ಟೋರ್, 2018ರ ಡಿಸೆಂಬರ್‌ನಲ್ಲಿ ಬಂತು. ಸ್ಟೀಮ್ ಸಾಮಾನ್ಯವಾಗಿ ಮಾರಾಟದ 30 ಪರ್ಸೆಂಟ್ ತಾನು ಇಟ್ಟುಕೊಳ್ಳುತ್ತೆ, ಎಪಿಕ್ 12 ಪರ್ಸೆಂಟ್ ಅಂತ ಹೇಳಿಯೇ ಅಂಗಡಿ ತೆರೆಯಿತು. ತೆರಿಗೆ ಬದಿಗಿಟ್ಟು ನೋಡಿದರೆ, 1,000 ರೂಪಾಯಿಯ ಗೇಮಿನಲ್ಲಿ ಮಾಡಿದವರಿಗೆ ಆ ಲೆಕ್ಕದಲ್ಲಿ ಒಂದು ಕಡೆ 700, ಇನ್ನೊಂದು ಕಡೆ 880 ಸಿಗುತ್ತಿತ್ತು. 2025ರ ಜೂನ್‌ನಿಂದ ಎಪಿಕ್, ಒಂದು ಗೇಮಿನ ವರ್ಷದ ಮೊದಲ 10 ಲಕ್ಷ ಡಾಲರ್ ಆದಾಯದಲ್ಲಿ ಏನೂ ಇಟ್ಟುಕೊಳ್ಳುವುದಿಲ್ಲ. ಸಣ್ಣ ತಂಡ ಮಾಡಿದ ಗೇಮನ್ನು ಕೊಳ್ಳುವಾಗ ಈ ಅಂತರ ನೆನಪಿರಲಿ.

[ತೆರೆಯ ಮೇಲೆ: "ಕೊಂಡೆ" ಎಂಬ ಪದ, ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ]

ಈಗ ಈ ವಿಡಿಯೋದ ಮುಖ್ಯ ಭಾಗ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

2024ರ ಅಕ್ಟೋಬರ್‌ನಿಂದ ಸ್ಟೀಮ್‌ನ ಕಾರ್ಟಿನಲ್ಲಿ, ದುಡ್ಡು ಕಟ್ಟುವ ಬಟನ್ನಿನ ಹತ್ತಿರ, ಒಂದು ಸಾಲು ಕಾಣುತ್ತೆ. ನೀವು ಕೊಳ್ಳುತ್ತಿರುವುದು ಈ ಗೇಮಿನ ಲೈಸೆನ್ಸ್, ಅಂದರೆ ಆಡುವ ಅನುಮತಿ, ಮಾತ್ರ ಅನ್ನುವುದು ಅದರ ಅರ್ಥ. ಡಿಜಿಟಲ್ ವಸ್ತು ಮಾರುವವರು ಇದನ್ನು ಗ್ರಾಹಕರಿಗೆ ಬಿಡಿಸಿ ಹೇಳಬೇಕು ಅಂತ ಕ್ಯಾಲಿಫೋರ್ನಿಯಾ ಒಂದು ಕಾನೂನು ಮಾಡಿತು, 2025ರ ಜನವರಿ 1ರಿಂದ ಜಾರಿಗೆ ಬಂತು. ಸಾಲು ಹೊಸದು, ವ್ಯವಸ್ಥೆ ಮೊದಲಿನಿಂದಲೂ ಇದೇ.

ನಮ್ಮ ಊರಿನ ಭಾಷೆಯಲ್ಲಿ ಹೇಳಬೇಕು ಅಂದರೆ, ಇದು ಭೋಗ್ಯದ ಮನೆ. ದೊಡ್ಡ ಮೊತ್ತ ಒಂದೇ ಸಲ ಕೊಡುತ್ತೀರಿ, ತಿಂಗಳ ಬಾಡಿಗೆ ಇಲ್ಲ, ಗೋಡೆಗೆ ನಿಮ್ಮ ಮನೆಯವರ ಫೋಟೋ ಹಾಕುತ್ತೀರಿ, ಸ್ವಂತ ಮನೆ ಅನ್ನಿಸಿಬಿಡುತ್ತೆ. ಆದರೆ ಖಾತೆ ಇರುವುದು ಮಾಲೀಕರ ಹೆಸರಲ್ಲಿ. ಭೋಗ್ಯದಲ್ಲಾದರೂ ಕರಾರು ಮುಗಿದ ದಿನ ಇಟ್ಟ ಹಣ ವಾಪಸ್ ಬರಬೇಕು. ಗೇಮಿನ ಲೈಸೆನ್ಸಿನಲ್ಲಿ ಆ ಕರಾರೂ ಇಲ್ಲ.

ಇದು ಬರೀ ಕಾಗದದ ಮೇಲಿನ ಭಯ ಅಂದುಕೊಳ್ಳಬೇಡಿ. ಯೂಬಿಸಾಫ್ಟ್‌ನ ದ ಕ್ರ್ಯೂ ಅನ್ನೋ ಕಾರ್ ರೇಸಿಂಗ್ ಗೇಮ್ 2014ರಲ್ಲಿ ಬಂತು. ಒಬ್ಬರೇ ಕೂತು ಆಡಿದರೂ ಅದಕ್ಕೆ ಕಂಪನಿಯ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ದುಡ್ಡು ಕೊಟ್ಟವರ ಹತ್ತಿರ ಉಳಿದಿದ್ದು ತೆರೆಯದ ಗೇಮ್. ಗ್ರಾಹಕರಿಗೆ ಇದು ಅನ್ಯಾಯ, ಅದನ್ನು ನೇರವಾಗಿಯೇ ಹೇಳಬೇಕು.

[ತೆರೆಯ ಮೇಲೆ: ಗಾಗ್ ಖಾತೆಯ ಪುಟ, ಇನ್‌ಸ್ಟಾಲರ್ ಪಟ್ಟಿ]

ಗಾಗ್ ಬೇರೆಯಾಗುವುದು ಇಲ್ಲೇ. ಕಾನೂನಿನ ಪ್ರಕಾರ ಅಲ್ಲೂ ನಿಮಗೆ ಸಿಗುವುದು ಲೈಸೆನ್ಸೇ. ಆದರೆ ಗೇಮಿನ ಪೂರ್ತಿ ಇನ್‌ಸ್ಟಾಲರ್ ಫೈಲು ನಿಮ್ಮ ಕೈಗೆ ಬರುತ್ತೆ. ಅದನ್ನು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಂಡರೆ, ನಾಳೆ ಅಂಗಡಿಯೇ ಮುಚ್ಚಿದರೂ, ಇಂಟರ್‌ನೆಟ್ ಇಲ್ಲದ ಊರಿನಲ್ಲಿದ್ದರೂ, ಇನ್‌ಸ್ಟಾಲ್ ಮಾಡಿ ಆಡಬಹುದು.

ಇಳಿಸುವ ಕ್ರಮ ಹೀಗೆ. ಗಾಗ್ ಸೈಟಿನಲ್ಲಿ ಲಾಗಿನ್ ಆಗಿ, ನಿಮ್ಮ ಗೇಮ್‌ಗಳ ಪುಟಕ್ಕೆ ಹೋಗಿ, ಗೇಮಿನ ಮೇಲೆ ಒತ್ತಿ. ಆಫ್‌ಲೈನ್ ಬ್ಯಾಕಪ್ ಇನ್‌ಸ್ಟಾಲರ್ ಅಂತ ಪಟ್ಟಿ ತೆರೆದುಕೊಳ್ಳುತ್ತೆ. ಮೊದಲ ಫೈಲು ಇಎಕ್ಸ್‌ಇ, ಸಾಮಾನ್ಯವಾಗಿ ಚಿಕ್ಕದು. ಅದರ ಹಿಂದೆ ಬಿನ್ ಅನ್ನೋ ಫೈಲುಗಳ ಸಾಲು, ಒಂದೊಂದೂ ಹೆಚ್ಚೆಂದರೆ ಸುಮಾರು 4 ಜಿಬಿ. ತುಂಬಾ ಜನ ಎಡವುವುದು ಇಲ್ಲೇ: ಇಎಕ್ಸ್‌ಇ ಇಳಿಯಿತು, ಕೆಲಸ ಆಯ್ತು ಅಂತ ಎದ್ದುಬಿಡುತ್ತಾರೆ. ವರ್ಷದ ನಂತರ ಅದನ್ನು ಓಡಿಸಿದರೆ ಮುಂದಿನ ಫೈಲು ಎಲ್ಲಿ ಅಂತ ಕೇಳುತ್ತೆ. ಎಲ್ಲ ಬಿನ್ ಫೈಲುಗಳೂ ಅದೇ ಫೋಲ್ಡರಿನಲ್ಲಿ, ಹೆಸರು ಬದಲಾಯಿಸದೆ ಇರಬೇಕು. ಡಿಎಲ್‌ಸಿ, ಅಂದರೆ ಗೇಮಿಗೆ ಆಮೇಲೆ ಸೇರಿಸುವ ಹೆಚ್ಚುವರಿ ಭಾಗ, ಇದ್ದರೆ ಅದರ ಇನ್‌ಸ್ಟಾಲರ್ ಬೇರೆ, ಅದನ್ನೂ ಇಳಿಸಿ. ಈ ಫೈಲುಗಳು ತಾವಾಗಿ ಅಪ್‌ಡೇಟ್ ಆಗುವುದಿಲ್ಲ. ದೊಡ್ಡ ಪ್ಯಾಚ್ ಬಂದಾಗ ಹೊಸ ಇನ್‌ಸ್ಟಾಲರ್ ನೀವೇ ತಂದುಕೊಳ್ಳಬೇಕು. ಡಿಸ್ಕನ್ನು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿಡಿ, ಹಳೆಯ ಫ್ಯಾಟ್32 ಡಿಸ್ಕಿಗೆ 4 ಜಿಬಿಗಿಂತ ದೊಡ್ಡ ಫೈಲು ಹಿಡಿಸುವುದಿಲ್ಲ. ಸಮಯದ ಲೆಕ್ಕವೂ ಇಟ್ಟುಕೊಳ್ಳಿ: 40 ಎಂಬಿಪಿಎಸ್ ಲೈನಿನಲ್ಲಿ 70 ಜಿಬಿ ಇಳಿಯುವುದಕ್ಕೆ ಹತ್ತಿರ ಹತ್ತಿರ 4 ಗಂಟೆ ಬೇಕು.

ಹಾಗಂತ ಸ್ಟೀಮ್‌ನಲ್ಲಿರುವ ಎಲ್ಲ ಗೇಮಿಗೂ ಬೀಗ ಇದೆ ಅಂತಲ್ಲ. ಕೆಲವು ಗೇಮ್‌ಗಳು ಸ್ಟೀಮ್ ತೆರೆಯದೆಯೇ ನೇರ ಓಡುತ್ತವೆ, ಬೀಗ ಹಾಕುವುದು ಬಿಡುವುದು ಮಾಡಿದವರ ಇಷ್ಟ. ಆದರೆ ಇಳಿಸಿ ಇನ್‌ಸ್ಟಾಲ್ ಮಾಡುವುದಕ್ಕೆ ಸ್ಟೀಮ್ ಬೇಕೇ ಬೇಕು.

[ತೆರೆಯ ಮೇಲೆ: ರೂಪಾಯಿ, ಡಾಲರ್]

ಇನ್ನು ಬೆಲೆ. ಸ್ಟೀಮ್ 2015ರಿಂದ ನಮಗೆ ರೂಪಾಯಿಯಲ್ಲಿ ಮಾರುತ್ತಿದೆ, ಎಪಿಕ್‌ನಲ್ಲೂ ರೂಪಾಯಿ. ಗಾಗ್‌ನಲ್ಲಿ ಡಾಲರ್. ಡಾಲರ್ ಅಂದರೆ ಪರದೆಯ ಮೇಲಿನ ಬೆಲೆಯೇ ಕೊನೆಯ ಬೆಲೆ ಅಲ್ಲ. 20 ಡಾಲರಿನ ಗೇಮ್, ಡಾಲರಿಗೆ 90 ರೂಪಾಯಿ ಅಂತ ಇಟ್ಟುಕೊಂಡರೆ 1,800. ನಿಮ್ಮ ಕಾರ್ಡಿನ ವಿದೇಶಿ ವ್ಯವಹಾರದ ಶುಲ್ಕ 3.5 ಪರ್ಸೆಂಟ್ ಆಗಿದ್ದರೆ ಇನ್ನೂ 63, ಆ 63ರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಅಂದರೆ 11 ಚಿಲ್ಲರೆ. ಒಟ್ಟು 1,874. ಕಾರ್ಡು ತಿರಸ್ಕೃತವಾದರೆ ಗಾಬರಿ ಬೇಡ, ಬ್ಯಾಂಕಿನ ಆಪ್‌ನಲ್ಲಿ ಇಂಟರ್‌ನ್ಯಾಷನಲ್ ಆನ್‌ಲೈನ್ ವ್ಯವಹಾರ ಆಫ್ ಆಗಿದೆಯಾ ಅಂತ ಮೊದಲು ನೋಡಿ.

ಅಮೆರಿಕದಲ್ಲಿರುವ ಅಣ್ಣನಿಗೆ ಇಲ್ಲಿಂದ ಕಡಿಮೆ ಬೆಲೆಗೆ ಕೊಂಡು ಗಿಫ್ಟ್ ಕಳಿಸೋಣ ಅನ್ನುವವರಿಗೆ ಒಂದು ಮಾತು: ಎರಡು ದೇಶಗಳ ಬೆಲೆಯಲ್ಲಿ ಹೆಚ್ಚು ಅಂತರ ಇದ್ದರೆ ಸ್ಟೀಮ್ ಆ ಗಿಫ್ಟನ್ನು ತಡೆಯುತ್ತೆ. ಖಾತೆಯ ದೇಶ ಬದಲಾಯಿಸುವುದಕ್ಕೂ 3 ತಿಂಗಳಿಗೆ ಒಂದೇ ಸಲ ಅವಕಾಶ.

[ತೆರೆಯ ಮೇಲೆ: ಗಡಿಯಾರ, 2:00 ಗಂಟೆ]

ರಿಫಂಡ್. ಸ್ಟೀಮ್ ಮತ್ತು ಎಪಿಕ್ ಎರಡರಲ್ಲೂ ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇರಬೇಕು. ಗಾಗ್‌ನಲ್ಲಿ 30 ದಿನ, ಆಡಿದ್ದರೂ ಕೇಳಬಹುದು. ಆ ಉದಾರತೆಯನ್ನು ದುರುಪಯೋಗ ಮಾಡಬೇಡಿ, ಪೆಟ್ಟು ಬೀಳುವುದು ಗೇಮ್ ಮಾಡಿದವರಿಗೆ.

ಸ್ಟೀಮ್‌ನ 2 ಗಂಟೆಯಲ್ಲಿ ಒಂದು ಸಿಕ್ಕು ಇದೆ. ಸ್ಟೀಮ್ ತಾನೇ ಇಳಿಸುವ ಸಮಯ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಗೇಮ್ ತೆರೆದ ಮೇಲೆ ಅದರೊಳಗೇ ಡೌನ್‌ಲೋಡ್ ನಡೆದರೆ, ಶೇಡರ್, ಅಂದರೆ ಗ್ರಾಫಿಕ್ಸ್ ತೋರಿಸುವ ಚಿಕ್ಕ ಪ್ರೋಗ್ರಾಂಗಳು, ತಯಾರಾಗುತ್ತಾ ಕೂತರೆ, ಅಷ್ಟೂ ಹೊತ್ತು ನೀವು ಆಡಿದ ಲೆಕ್ಕ. 2020ರಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಬಂದಾಗ ಹೀಗೇ ಆಯ್ತು: ವಿಮಾನ ನೆಲ ಬಿಡುವ ಮೊದಲೇ ಎಷ್ಟೋ ಜನರ 2 ಗಂಟೆ ಮುಗಿದಿತ್ತು. ಗೇಮಿನ ಒಳಗೆ ದೊಡ್ಡ ಡೌನ್‌ಲೋಡ್ ಕಂಡರೆ ಗಡಿಯಾರ ನೋಡುತ್ತಾ ಇರಿ. ಓಡುವುದೇ ಇಲ್ಲ ಅನ್ನುವುದು ಖಚಿತವಾದರೆ ತಕ್ಷಣ ಮುಚ್ಚಿ, ಸ್ಟೀಮ್ ಸಪೋರ್ಟ್ ಪುಟದಲ್ಲಿ ಆ ಗೇಮ್ ಆರಿಸಿ ರಿಫಂಡ್ ಕೇಳಿ. ಕೊಂಡ ಮೂರನೇ ದಿನಕ್ಕೆ ಅದೇ ಗೇಮ್ ಸೇಲಿಗೆ ಬಂತಾ? 2 ಗಂಟೆ ಆಡಿಲ್ಲದಿದ್ದರೆ ವಾಪಸ್ ಮಾಡಿ ಸೇಲ್ ಬೆಲೆಗೆ ಮತ್ತೆ ಕೊಳ್ಳಬಹುದು. ಅದನ್ನು ದುರುಪಯೋಗ ಅಂತ ನೋಡುವುದಿಲ್ಲ ಅಂತ ಸ್ಟೀಮೇ ಬರೆದಿದೆ.

[ತೆರೆಯ ಮೇಲೆ: ಉಳಿದ ವಿಷಯಗಳು, ವೇಗವಾಗಿ]

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಬೇಗ. ಮನೆಯಲ್ಲಿ ಇಬ್ಬರು ಮೂವರು ಆಡುವವರಿದ್ದರೆ ಸ್ಟೀಮ್ ಫ್ಯಾಮಿಲೀಸ್ ದೊಡ್ಡ ಅನುಕೂಲ, 6 ಜನರವರೆಗೆ ಲೈಬ್ರರಿ, ಅಂದರೆ ಕೊಂಡ ಗೇಮ್‌ಗಳ ಸಂಗ್ರಹ, ಹಂಚಿಕೊಳ್ಳಬಹುದು. ಒಂದೇ ಪ್ರತಿಯನ್ನು ಇಬ್ಬರು ಒಟ್ಟಿಗೆ ಆಡಲಾಗುವುದಿಲ್ಲ. ನಿಮ್ಮ ಪ್ರತಿಯಲ್ಲಿ ತಮ್ಮ ಚೀಟ್ ಮಾಡಿ ಬ್ಯಾನ್ ಆದರೆ ಆ ಗೇಮಿನಲ್ಲಿ ನೀವೂ ಬ್ಯಾನ್, ಇದನ್ನು ಅವನಿಗೆ ಮೊದಲೇ ಹೇಳಿಡಿ.

ಬರೀ ಕೀ, ಅಂದರೆ ಗೇಮನ್ನು ನಿಮ್ಮ ಖಾತೆಗೆ ಸೇರಿಸುವ ಕೋಡ್, ಮಾರುವ ಸೈಟುಗಳಲ್ಲಿ ಎರಡು ಜಾತಿ. ಹಂಬಲ್, ಫನಾಟಿಕಲ್, ಗ್ರೀನ್ ಮ್ಯಾನ್ ಗೇಮಿಂಗ್ ಅಧಿಕೃತ ಮಾರಾಟಗಾರರು. ಯಾರೋ ಯಾರಿಗೋ ಕೀ ಮಾರುವ ಮಾರುಕಟ್ಟೆಗಳು ಬೇರೆ. ಅಲ್ಲಿನ ಕೀ ಕದ್ದ ಕಾರ್ಡಿನಲ್ಲಿ ಕೊಂಡದ್ದಾಗಿದ್ದರೆ ಆಮೇಲೆ ರದ್ದಾಗಬಹುದು, ಬೇರೆ ದೇಶದ ಕೀ ಆದರೆ ಇಲ್ಲಿ ತೆರೆಯುವುದೇ ಇಲ್ಲ. ಹೊರಗೆ ಕೊಂಡ ಕೀಗೆ ಸ್ಟೀಮ್ ರಿಫಂಡ್ ಕೊಡುವುದಿಲ್ಲ, ಅಧಿಕೃತ ಅಂಗಡಿಯದ್ದಾದರೂ ಅಷ್ಟೇ.

ಬೆಲೆ ಹೋಲಿಸುವುದಕ್ಕೆ ಈಸ್ ದೇರ್ ಎನಿ ಡೀಲ್ ಅನ್ನೋ ಸೈಟಿನಲ್ಲಿ ದೇಶ ಇಂಡಿಯಾ ಅಂತ ಇಟ್ಟು ಗೇಮ್ ಹುಡುಕಿ. ಇವತ್ತಿನ ಬೆಲೆಯ ಜೊತೆಗೆ ಇದುವರೆಗಿನ ಅತಿ ಕಡಿಮೆ ಬೆಲೆಯೂ ಕಾಣುತ್ತೆ, ಕಾಯಬೇಕಾ ಬೇಡವಾ ಅಲ್ಲೇ ಗೊತ್ತಾಗುತ್ತೆ.

ಎಪಿಕ್‌ನ ಉಚಿತ ಗೇಮ್ ಪ್ರತಿ ಗುರುವಾರ ಬದಲಾಗುತ್ತೆ. ಅಮೆರಿಕದಲ್ಲಿ ಬೇಸಿಗೆ ಸಮಯ ಇರುವಾಗ ನಮ್ಮ ರಾತ್ರಿ 8:30ಕ್ಕೆ, ಚಳಿಗಾಲದಲ್ಲಿ 9:30ಕ್ಕೆ. ಎಪಿಕ್‌ನ ಲಾಂಚರ್ ಆಪ್ ಇನ್‌ಸ್ಟಾಲ್ ಮಾಡುವುದೂ ಬೇಡ, ಮೊಬೈಲ್ ಬ್ರೌಸರಿನಲ್ಲೇ ಲಾಗಿನ್ ಆಗಿ ಸೊನ್ನೆ ರೂಪಾಯಿಗೆ ಆರ್ಡರ್ ಹಾಕಿ ಇಟ್ಟುಕೊಳ್ಳಿ, ಪಿಸಿ ಕೊಂಡ ದಿನ ಲೈಬ್ರರಿಯಲ್ಲಿ ಕಾಯುತ್ತಾ ಇರುತ್ತೆ.