ಆಪಲ್ ಸೈಡರ್ ವಿನೆಗರ್: ಬೆಳಗ್ಗೆ ಖಾಲಿ ಹೊಟ್ಟೆಗೇ ಯಾಕೆ?

[ಕ್ಯಾಮೆರಾ ಹತ್ತಿರದಿಂದ: ಬಾಟಲಿಯ ತಳ. ಅಲ್ಲಾಡಿಸಿದಾಗ ಮಬ್ಬು ಎಳೆಗಳು ಮೇಲೇಳುತ್ತವೆ.]

ನೋಡಿ, ಬಾಟಲಿ ಮೇಲೆ "ವಿತ್ ಮದರ್" ಅಂತ ಬರೆದಿರುತ್ತಾರಲ್ಲ, ಆ ಮದರ್ ಇದೇ. ಸೇಬಿನ ರಸ ಮೊದಲು ಹುದುಗಿ ಆಲ್ಕೋಹಾಲ್ ಆಗುತ್ತದೆ. ಆಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಅಸಿಟಿಕ್ ಆಮ್ಲ ಮಾಡುತ್ತವೆ. ಆ ಬ್ಯಾಕ್ಟೀರಿಯಾ, ಅವು ನೇಯ್ದ ಸೆಲ್ಯುಲೋಸ್ ಎಳೆ, ಎರಡೂ ಸೇರಿ ಈ ಲೋಳೆ. ಇದಕ್ಕೆಂದೇ ನಾವು ಜಾಸ್ತಿ ದುಡ್ಡು ಕೊಡುತ್ತೇವೆ. ಆದರೆ ಇದನ್ನು ಕುಡಿದರೆ ಶುಗರ್ ಇಳಿಯುತ್ತದೆ ಅನ್ನುತ್ತಾರಲ್ಲ, ಆ ವಿಷಯದಲ್ಲಿ ಮುಖ್ಯ ಕೆಲಸ ಮಾಡುವುದು ಅಸಿಟಿಕ್ ಆಮ್ಲ. ಬಾಟಲಿಯಲ್ಲಿ ಅದು ಸುಮಾರು 5% ಇರುತ್ತದೆ. ಗೋಬಿ ಮಂಚೂರಿ ಗಾಡಿಯ ಬಿಳಿ ವಿನೆಗರ್‌ನಲ್ಲೂ ಇರುವುದು ಅದೇ ಆಮ್ಲ.

[ಮುಖಕ್ಕೆ ಕ್ಯಾಮೆರಾ]

ಹಾಗಾದರೆ ಶುಗರ್ ಇಳಿಯುತ್ತದಾ? ಸ್ವಲ್ಪ ಇಳಿಯುತ್ತದೆ. ಆದರೆ ವಾಟ್ಸಾಪ್‌ನಲ್ಲಿ ಹೇಳುವ ರೀತಿಯಲ್ಲಿ, ಬೆಳಗ್ಗೆ ಖಾಲಿ ಹೊಟ್ಟೆಗೆ ಕುಡಿದರೆ ಹೆಚ್ಚಿನ ಪಾಲು ವ್ಯರ್ಥ.

2004ರಲ್ಲಿ ಅಮೆರಿಕದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಕ್ಯಾರಲ್ ಜಾನ್‌ಸ್ಟನ್ ತಂಡ 29 ಜನರ ಮೇಲೆ ಒಂದು ಪ್ರಯೋಗ ಮಾಡಿತು. ತಿಂಡಿಗೆ ಬೇಗಲ್ ಅನ್ನುವ ದಪ್ಪ ಬ್ರೆಡ್, ಬೆಣ್ಣೆ, ಕಿತ್ತಳೆ ಜ್ಯೂಸ್. ಒಟ್ಟು 87 ಗ್ರಾಂ ಕಾರ್ಬೋಹೈಡ್ರೇಟ್. ತಿನ್ನುವುದಕ್ಕೆ ಎರಡೇ ನಿಮಿಷ ಮೊದಲು, 20 ಗ್ರಾಂ ಆಪಲ್ ಸೈಡರ್ ವಿನೆಗರನ್ನು 40 ಗ್ರಾಂ ನೀರಿಗೆ ಬೆರೆಸಿ ಕೊಟ್ಟರು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ, ಆದರೆ ಇನ್ನೂ ಡಯಾಬಿಟಿಸ್ ಬಾರದವರಲ್ಲಿ, ತಿಂದ ನಂತರದ ಒಂದು ಗಂಟೆಯಲ್ಲಿ ದೇಹ ಇನ್ಸುಲಿನ್‌ಗೆ ಸ್ಪಂದಿಸುವುದು 34% ಹೆಚ್ಚಾಯಿತು. ಡಯಾಬಿಟಿಸ್ ಇದ್ದವರಲ್ಲಿ ಪರಿಣಾಮ ಅದಕ್ಕಿಂತ ಕಡಿಮೆ.

ಎರಡೇ ನಿಮಿಷ ಮೊದಲು ಅಂದೆ, ಗಮನಿಸಿದಿರಾ? 2010ರಲ್ಲಿ ಅದೇ ತಂಡ ಸಮಯ ಬದಲಿಸಿ ನೋಡಿತು. ಊಟಕ್ಕೆ ಐದು ಗಂಟೆ ಮೊದಲು ಕುಡಿದಾಗ ಊಟದ ಜೊತೆ ಕುಡಿದಷ್ಟು ಲಾಭ ಸಿಗಲಿಲ್ಲ. ಇನ್ನೊಂದು ವಿಷಯವೂ ಗೊತ್ತಾಯಿತು. ಬ್ರೆಡ್ ಜೊತೆ ಕೆಲಸ ಮಾಡಿದ ವಿನೆಗರ್, ನೇರ ಗ್ಲೂಕೋಸ್ ಕೊಟ್ಟಾಗ ಸುಮ್ನಿತ್ತು.

[ಗ್ರಾಫಿಕ್: ಹೊಟ್ಟೆ, ಸಣ್ಣ ಕರುಳು]

ಯಾಕೆ ಹೀಗೆ? ಅನ್ನ, ಬ್ರೆಡ್, ಆಲೂಗಡ್ಡೆಯ ಪಿಷ್ಟ ಕರುಳಲ್ಲಿ ತುಂಡಾಗಿ ಗ್ಲೂಕೋಸ್ ಆಗಬೇಕು. ಆ ಕೆಲಸ ಮಾಡುವ ಕೆಲವು ಕಿಣ್ವಗಳನ್ನು ಅಸಿಟಿಕ್ ಆಮ್ಲ ತಡೆಯುತ್ತದೆ ಅನ್ನುವುದು ಲ್ಯಾಬ್‌ನಲ್ಲಿ ಬೆಳೆಸಿದ ಕರುಳಿನ ಕೋಶಗಳಲ್ಲಿ ಕಂಡುಬಂದಿದೆ. ಜೊತೆಗೆ ಅದು ಹೊಟ್ಟೆಯಿಂದ ಊಟ ಕೆಳಗಿಳಿಯುವ ವೇಗವನ್ನೂ ತಗ್ಗಿಸಬಲ್ಲದು. ಡ್ಯಾಮಿನ ಗೇಟು ಸ್ವಲ್ಪವೇ ತೆರೆದ ಹಾಗೆ: ನೀರು ಅಷ್ಟೇ, ಪ್ರವಾಹ ಇಲ್ಲ. ಅಂದ ಮೇಲೆ, ಊಟವೇ ಇಲ್ಲದಾಗ ವಿನೆಗರ್ ಯಾವ ಗೇಟನ್ನು ಹಿಡಿಯಬೇಕು?

ನಮ್ಮ ಪದ್ಧತಿ ಏನು? ಬೆಳಗ್ಗೆ ಆರಕ್ಕೆ ಬಿಸಿನೀರು, ವಿನೆಗರ್, ಮೇಲೊಂದು ಚಮಚ ಜೇನು. ಒಂಬತ್ತಕ್ಕೆ ನಾಲ್ಕು ಇಡ್ಲಿ. ಜೇನು ಬಹುಪಾಲು ಫ್ರಕ್ಟೋಸ್, ಗ್ಲೂಕೋಸ್. ಶುಗರ್ ಇಳಿಸೋಕೆ ಹೊರಟು ಶುಗರ್ ಕುಡಿದ ಹಾಗಾಯಿತು, ಅಲ್ವಾ?

ಯಾವ ಊಟ ಅನ್ನುವುದೂ ಮುಖ್ಯ. ಡಯಾಬಿಟಿಸ್ ಇದ್ದವರ ಮೇಲೆ ಗ್ರೀಸ್‌ನಲ್ಲಿ ಮಾಡಿದ ಪ್ರಯೋಗದಲ್ಲಿ, ಬೇಗ ಶುಗರ್ ಏರಿಸುವ ಆಲೂಗಡ್ಡೆ ಊಟಕ್ಕೆ ವಿನೆಗರ್ ಲಾಭ ಕೊಟ್ಟಿತು. ನಿಧಾನವಾಗಿ ಏರಿಸುವ ಊಟಕ್ಕೆ ಕೊಡಲಿಲ್ಲ. ತಟ್ಟೆಯಲ್ಲಿ ಕಾಳು, ತರಕಾರಿ ಜಾಸ್ತಿ ಇದ್ದರೆ ವಿನೆಗರ್‌ಗೆ ಅಲ್ಲಿ ಹೆಚ್ಚು ಕೆಲಸ ಇಲ್ಲ. ಅದು ಒಳ್ಳೆಯದೇ ಬಿಡಿ.

ಇನ್ನು ತೂಕ. 2024ರಲ್ಲಿ ಲೆಬನಾನ್‌ನ ಒಂದು ಅಧ್ಯಯನ ಸುದ್ದಿಯಾಯಿತು: ದಿನಕ್ಕೆ ಒಂದು ಚಮಚ, 12 ವಾರದಲ್ಲಿ 6ರಿಂದ 8 ಕೆಜಿ ಇಳಿಕೆ! ಎಷ್ಟೋ ರೀಲ್ಸ್ ಹುಟ್ಟಿದ್ದು ಅಲ್ಲಿಂದಲೇ. ಅದನ್ನು ಪ್ರಕಟಿಸಿದ್ದ, ವೈದ್ಯಕೀಯ ಪತ್ರಿಕೆಗಳನ್ನು ಹೊರತರುವ ಬಿಎಂಜೆ ಗ್ರೂಪ್, 2025ರ ಸೆಪ್ಟೆಂಬರ್‌ನಲ್ಲಿ ಆ ಲೇಖನವನ್ನೇ ವಾಪಸ್ ತೆಗೆದುಕೊಂಡಿತು. ಅಂಕಿಅಂಶಗಳು ನಂಬುವ ಹಾಗಿರಲಿಲ್ಲ. ರೀಲ್ಸ್ ಮಾತ್ರ ಇನ್ನೂ ಓಡುತ್ತಿವೆ. 2009ರ ಜಪಾನ್ ಅಧ್ಯಯನದಲ್ಲಿ 12 ವಾರಕ್ಕೆ ಇಳಿದದ್ದು ಒಂದರಿಂದ ಎರಡು ಕೆಜಿ. ನನಗೆ ಇದು ನಂಬುವಂಥ ಸಂಖ್ಯೆ ಅನ್ನಿಸುತ್ತದೆ. ಒಂದೆರಡು ಕೆಜಿಗೆ ಯಾರು ರೀಲ್ಸ್ ಮಾಡುತ್ತಾರೆ ಹೇಳಿ.

[ಕ್ಯಾಮೆರಾ ಹತ್ತಿರದಿಂದ: ಅಡುಗೆಯ ದೊಡ್ಡ ಚಮಚ, ಪಕ್ಕದಲ್ಲಿ ತುಂಬಿದ ನೀರಿನ ಲೋಟ]

ಕುಡಿಯುವುದಾದರೆ 15 ಎಂಎಲ್, ಅಂದರೆ ಇಂಥ ಒಂದು ದೊಡ್ಡ ಚಮಚ. ಒಂದು ಲೋಟ ನೀರಿಗೆ ಹಾಕಿ, ಊಟದ ಜೊತೆ. ಹಾಗೇ ಶಾಟ್ ಹೊಡೆಯಬೇಡಿ, ಹಲ್ಲಿನ ಎನಾಮೆಲ್ ಸವೆಯುತ್ತದೆ, ಗಂಟಲು ಉರಿಯುತ್ತದೆ. ಕುಡಿದ ತಕ್ಷಣ ಬ್ರಶ್ ಕೂಡ ಬೇಡ. ಸಲಾಡ್‌ಗೆ ಹಾಕಿ ತಿನ್ನುವುದು ಇನ್ನೂ ಸುಲಭ. ಜಾಸ್ತಿ ಕುಡಿದರೆ ಜಾಸ್ತಿ ಲಾಭ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದಿನಕ್ಕೆ 250 ಎಂಎಲ್‌ನಂತೆ ಆರು ವರ್ಷ ಕುಡಿದ 28 ವರ್ಷದ ಮಹಿಳೆಯೊಬ್ಬರು ಆಸ್ಟ್ರಿಯಾದಲ್ಲಿ ಪೊಟ್ಯಾಸಿಯಂ ಕುಸಿದು ಆಸ್ಪತ್ರೆ ಸೇರಿದರು. ಮೂಳೆಗಳೂ ಸವೆದಿದ್ದವು. 1998ರಲ್ಲಿ ವರದಿಯಾದ ಪ್ರಕರಣ ಇದು.

ಇನ್ಸುಲಿನ್ ತೆಗೆದುಕೊಳ್ಳುವವರು ಸ್ವಲ್ಪ ನಿಲ್ಲಿ. ಹಳೆಯ ಡಯಾಬಿಟಿಸ್‌ನಿಂದ ಕೆಲವರ ಹೊಟ್ಟೆ ಮೊದಲೇ ನಿಧಾನವಾಗಿರುತ್ತದೆ. ಸ್ವೀಡನ್‌ನಲ್ಲಿ ಅಂಥ 10 ಜನರಿಗೆ ವಿನೆಗರ್ ಕೊಟ್ಟಾಗ ಹೊಟ್ಟೆ ಖಾಲಿಯಾಗುವ ಪ್ರಮಾಣ 27%ರಿಂದ 17%ಕ್ಕೆ ಇಳಿಯಿತು. ಊಟ ರಕ್ತ ಸೇರುವ ಮೊದಲೇ ಇನ್ಸುಲಿನ್ ಕೆಲಸ ಶುರು ಮಾಡಿದರೆ ಲೋ ಶುಗರ್ ಆಗುತ್ತದೆ. ಇನ್ಸುಲಿನ್, ಶುಗರ್ ಮಾತ್ರೆ, ಮೂತ್ರ ಜಾಸ್ತಿ ಮಾಡುವ ಬಿಪಿ ಮಾತ್ರೆ, ಇವುಗಳಲ್ಲಿ ಯಾವುದಿದ್ದರೂ ಮೊದಲು ಡಾಕ್ಟರನ್ನು ಕೇಳಿ. ವಿನೆಗರ್ ಇದೆ ಅಂತ ಮಾತ್ರೆ ಬಿಡುವುದಂತೂ ಬೇಡವೇ ಬೇಡ.

ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ನೀವೇ ನೋಡಬಹುದು. ಒಂದು ದಿನ ಬರೀ ಮಾಮೂಲಿ ಊಟ. ಇನ್ನೊಂದು ದಿನ ಅದೇ ಅನ್ನ, ಅದೇ ಸಾರು, ಅಷ್ಟೇ ಅಳತೆ, ಜೊತೆಗೆ ವಿನೆಗರ್. ಕೈ ತೊಳೆದು ಒರೆಸಿಕೊಂಡು, ಒಂದು ಗಂಟೆಗೆ ಮತ್ತು ಎರಡು ಗಂಟೆಗೆ ಚೆಕ್ ಮಾಡಿ. ಒಂದೇ ಸಲದ ನಂಬರ್ ನಂಬಬೇಡಿ, ಮೂರ್ನಾಲ್ಕು ಸಲ ಮಾಡಿ. ಕದಲಲೇ ಇಲ್ಲವಾ? ಬಾಟಲಿ ಎಸೆಯಬೇಡಿ, ಈರುಳ್ಳಿ ನೆನೆಹಾಕೋಕೆ ಚೆನ್ನಾಗಿರುತ್ತದೆ.