ಕಣ್ಣಿಗಿಂತ ಮೊದಲು ಹೊರಡುವ ಪ್ರಶ್ನೆ

ಸ್ನೇಹಿತರೇ,

'ಗಮನ' ಎಂಬ ಪದದ ಮೂಲ ಅರ್ಥ ಹೋಗುವುದು. ಆಗಮನ, ನಿರ್ಗಮನಗಳಲ್ಲಿ ಆ ಅರ್ಥ ಇನ್ನೂ ಹಾಗೇ ಉಳಿದಿದೆ. ಅಂದರೆ ಗಮನ ಕೊಟ್ಟಾಗ ಮನಸ್ಸು ಎಲ್ಲಿಗೋ ಹೊರಟಿರುತ್ತದೆ. ಯಾವ ಕೆಲಸದ ಮೇಲೆ ಹೊರಟಿದೆ ಎಂಬುದೇ ಇವತ್ತಿನ ಮಾತು.

ಒಮ್ಮೆ ಕೈಯನ್ನು ನೇರವಾಗಿ ಚಾಚಿ ನಿಮ್ಮ ಹೆಬ್ಬೆರಳು ನೋಡಿ. ನಮ್ಮ ಕಣ್ಣಿಗೆ ನಿಚ್ಚಳವಾಗಿ ಕಾಣುವುದು ಹೆಚ್ಚುಕಡಿಮೆ ಅಷ್ಟೇ ಅಗಲ. ಉಳಿದದ್ದೆಲ್ಲ ಮಸುಕು. ಹಾಗಾಗಿ ಕಣ್ಣು ಸೆಕೆಂಡಿಗೆ ಮೂರು ಸಲದಂತೆ ಅಲ್ಲಿಂದಿಲ್ಲಿಗೆ ನೆಗೆಯುತ್ತಲೇ ಇರುತ್ತದೆ. ಮುಂದಿನ ನೆಗೆತ ಎಲ್ಲಿಗೆ? ಅದನ್ನು ನಿರ್ಧರಿಸುವವರು ಯಾರು?

ರಷ್ಯಾದ ವಿಜ್ಞಾನಿ ಆಲ್ಫ್ರೆಡ್ ಯಾರ್ಬಸ್ ಇದನ್ನು ಪರೀಕ್ಷಿಸಿದರು. ಅವರ ಪುಸ್ತಕ 1967ರಲ್ಲಿ ಇಂಗ್ಲಿಷಿಗೆ ಬಂತು. ಒಬ್ಬನೇ ವ್ಯಕ್ತಿಗೆ ರಷ್ಯಾದ ಚಿತ್ರಕಾರ ರೆಪಿನ್ ಬರೆದ ಒಂದೇ ಚಿತ್ರವನ್ನು ಏಳು ಸಲ, ಪ್ರತಿ ಸಲ ಮೂರು ನಿಮಿಷ ತೋರಿಸಿ, ಅವನ ಕಣ್ಣಿನ ಓಡಾಟವನ್ನು ದಾಖಲಿಸಿದರು. ಬಹುಕಾಲ ದೂರವಿದ್ದವನೊಬ್ಬ ಮನೆಯೊಳಕ್ಕೆ ಕಾಲಿಡುತ್ತಿದ್ದಾನೆ, ಮನೆಯವರು ಬೆಚ್ಚಿ ತಿರುಗಿದ್ದಾರೆ, ಇಷ್ಟೇ ಚಿತ್ರ. ಮೊದಲ ಸಲ ಸುಮ್ಮನೆ ನೋಡಲು ಬಿಟ್ಟರು. ಆಮೇಲೆ ಒಂದೊಂದು ಸಲಕ್ಕೂ ಒಂದೊಂದು ಕೆಲಸ ಹೇಳಿದರು. ಇವರ ವಯಸ್ಸೆಷ್ಟು ಎಂದಾಗ ಕಣ್ಣು ಮುಖದಿಂದ ಮುಖಕ್ಕೆ ಹೋಯಿತು. ಮನೆಯ ಸ್ಥಿತಿಗತಿ ಹೇಗಿದೆ ಎಂದಾಗ ಬಟ್ಟೆ, ಪೀಠೋಪಕರಣಗಳ ಮೇಲೆ ಓಡಾಡಿತು. ಬಂದವನು ಎಷ್ಟು ಕಾಲ ದೂರವಿದ್ದ ಎಂದು ಕೇಳಿದಾಗಿನ ದಾಖಲೆ ನನಗೆ ತುಂಬ ಇಷ್ಟ. ಕಣ್ಣು ಮಕ್ಕಳ ಮುಖಕ್ಕೂ ಬಂದವನ ಮುಖಕ್ಕೂ ನಡುವೆ ಮತ್ತೆ ಮತ್ತೆ ಹೋಗಿ ಬಂದಿದೆ. ಗುರುತು ಹಿಡಿದರೋ ಇಲ್ಲವೋ ಎಂದು ಮಕ್ಕಳ ಮುಖದಲ್ಲೇ ಹುಡುಕಿದಂತಿದೆ! ಹೀಗೆ ನೋಡು ಎಂದು ಯಾರೂ ಕಲಿಸಿರಲಿಲ್ಲ. ಪ್ರಶ್ನೆಯೇ ದಾರಿ ತೋರಿಸಿತು.

ಇದು ನಮಗೆ ಹೊಸದೇನಲ್ಲ. ಬಾಡಿಗೆ ಮನೆ ಹುಡುಕಲು ಶುರುಮಾಡಿದ ದಿನದಿಂದ, ವರ್ಷಗಟ್ಟಲೆ ಓಡಾಡಿದ ರಸ್ತೆಯಲ್ಲೇ 'ಮನೆ ಬಾಡಿಗೆಗಿದೆ' ಬೋರ್ಡುಗಳು ಮೊಳೆಯುತ್ತವೆ.

ಆದರೆ ಉದ್ದೇಶ ಬೆಳಕು ಬೀರಿದಲ್ಲೇ ನೆರಳೂ ಬೀಳುತ್ತದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 24 ರೇಡಿಯಾಲಜಿಸ್ಟರಿಗೆ, ಅಂದರೆ ಸ್ಕ್ಯಾನ್ ನೋಡಿ ರೋಗ ಗುರುತಿಸುವ ವೈದ್ಯರಿಗೆ, ಶ್ವಾಸಕೋಶದ ಸ್ಕ್ಯಾನ್ ಕೊಟ್ಟು ಗಂಟುಗಳನ್ನು ಹುಡುಕಲು ಹೇಳಿದರು. ಕೊನೆಯ ಸ್ಕ್ಯಾನಿನಲ್ಲಿ ಒಂದು ಗೊರಿಲ್ಲಾದ ಚಿತ್ರ ಸೇರಿಸಿದ್ದರು. ಅದು ಸಾಮಾನ್ಯ ಗಂಟಿನ 48 ಪಟ್ಟು ದೊಡ್ಡದಿತ್ತು. 20 ಜನ ಅದನ್ನು ಕಾಣಲಿಲ್ಲ. ಅವರಲ್ಲಿ ಹೆಚ್ಚಿನವರ ಕಣ್ಣು ನೇರವಾಗಿ ಅದರ ಮೇಲೇ ಹಾದುಹೋಗಿತ್ತು. ಇದನ್ನು ತಜ್ಞರ ಮೇಲಿನ ನಗೆಹನಿಯಂತೆ ಹೇಳುವವರಿದ್ದಾರೆ. ನನಗೆ ಅದು ಸರಿಕಾಣುವುದಿಲ್ಲ. ಇದೇ ಪರೀಕ್ಷೆಯನ್ನು ತರಬೇತಿಯಿಲ್ಲದವರಿಗೂ ಕೊಟ್ಟಾಗ ಅವರಲ್ಲಿ ಒಬ್ಬರಿಗೂ ಗೊರಿಲ್ಲಾ ಕಾಣಲಿಲ್ಲ, ಗಂಟುಗಳೂ ಅವರಿಗೆ ತೀರಾ ಕಡಿಮೆ ಸಿಕ್ಕವು. ವೈದ್ಯರ ಗಮನ ಸೋತಿರಲಿಲ್ಲ, ಹೇಳಿದ ಕೆಲಸದ ಮೇಲೆ ಹೋಗಿತ್ತು.

ಆದ್ದರಿಂದಲೇ ಮಕ್ಕಳಿಗೆ 'ಗಮನ ಕೊಡು' ಎಂದು ಗದರುವುದು ನನಗೆ ಪೊಳ್ಳಾಗಿ ಕೇಳುತ್ತದೆ. ಯಾವುದಕ್ಕಾಗಿ ಎಂದು ಹೇಳದೆ ಕಣ್ಣನ್ನು ಎಲ್ಲಿಗೆ ಕಳಿಸುವುದು? ಪಾಠ ಓದುವ ಮುಂಚೆ ಒಂದು ಪ್ರಶ್ನೆ ಕೈಗಿತ್ತರೆ ಗದರುವ ಕೆಲಸ ಅರ್ಧ ಕಡಿಮೆ.

ವಾದಕ್ಕಿಳಿದಾಗಲೂ ಅಷ್ಟೇ. ಗೆಲ್ಲಬೇಕೆಂದು ಕೂತವನಿಗೆ ಎದುರಿನವನ ಮಾತಿನಲ್ಲಿ ಕೇಳಿಸುವುದು ಬಿರುಕುಗಳು ಮಾತ್ರ. ಅದೇ ಮಾತಿನಲ್ಲಿ ಇವನಿಗೆ ಏನು ಭಯ ಇರಬಹುದು ಎಂದು ಹುಡುಕುತ್ತ ಕೂತರೆ ಬೇರೆಯೇ ವಾಕ್ಯಗಳು ಎದ್ದು ಬರುತ್ತವೆ. ಸುಲಭವೆಂದು ಹೇಳುತ್ತಿಲ್ಲ. ನಾನು ಮನೆಯಲ್ಲಿ ದಿನವೂ ಸೋಲುತ್ತೇನೆ.

ಇಲ್ಲೂ ಸೋತೆ ಅನ್ನಿ. ಮಾತು ಬೇಸರ ತರಿಸುತ್ತಿದೆಯೇ ಎಂಬ ಅಳುಕಿನಲ್ಲೇ ವೇದಿಕೆ ಹತ್ತಿದ್ದೆ. ಇಷ್ಟು ಜನ ಕೂತಿದ್ದರೂ ನನಗೆ ಕಂಡದ್ದು ಎರಡನೇ ಸಾಲಿನಲ್ಲಿ ವಾಚು ನೋಡಿಕೊಂಡ ಇಬ್ಬರು ಮಾತ್ರ. ಮೊದಲ ಪ್ರಶ್ನೆ ಅವರಿಂದಲೇ ಬರಲಿ.