ಗೋಡೆಯ ಬುಡದ ಪಟ್ಟಿ: ಸ್ಕರ್ಟಿಂಗ್‌ಗೆ ಯಾವ ಸಾಮಗ್ರಿ?

ಎಲ್ಲರಿಗೂ ನಮಸ್ಕಾರ. ಮನೆ ಕಟ್ಟಿಸುವವರು ನೆಲಕ್ಕೆ ಏನು ಹಾಕಿಸಬೇಕೆಂದು ತಿಂಗಳುಗಟ್ಟಲೆ ಯೋಚಿಸುತ್ತಾರೆ, ಗೋಡೆಯ ಬಣ್ಣಕ್ಕಾಗಿ ಮನೆಮಂದಿಯೆಲ್ಲ ಕೂತು ಚರ್ಚಿಸುತ್ತಾರೆ. ಆದರೆ ಆ ನೆಲವೂ ಗೋಡೆಯೂ ಕೂಡುವ ಜಾಗದ ಸ್ಕರ್ಟಿಂಗ್ ವಿಷಯವನ್ನು, ಕೆಲಸ ಮುಗಿಯುವ ಹೊತ್ತಿಗೆ ಉಳಿದಿರುವ ಟೈಲ್ಸ್ ತುಂಡುಗಳನ್ನು ನೋಡಿ ಮೇಸ್ತ್ರಿಯೇ ತೀರ್ಮಾನಿಸಿಬಿಡುತ್ತಾರೆ. ಅವರ ತೀರ್ಮಾನ ಅನೇಕ ಸಲ ಸರಿಯಾಗಿಯೇ ಇರುತ್ತದೆ. ಆದರೂ ಅದು ಏಕೆ ಸರಿ, ಯಾವಾಗ ತಪ್ಪು ಎಂಬುದು ಮನೆಯವರಿಗೆ ತಿಳಿದಿದ್ದರೆ ಒಳ್ಳೆಯದು. ನಾನು ಹೇಳಬೇಕೆಂದಿರುವುದು ಇಷ್ಟು: ಸ್ಕರ್ಟಿಂಗ್ ಗೋಡೆಗೆ ಒಪ್ಪುತ್ತದೆಯೇ ಎಂದು ನೋಡುವ ಮೊದಲು, ಆ ಕೋಣೆಯ ನೆಲಕ್ಕೆ ಎಷ್ಟು ನೀರು ಬೀಳುತ್ತದೆ ಮತ್ತು ಆ ನೆಲ ಎಷ್ಟು ಹಿಗ್ಗಿ ಕುಗ್ಗುತ್ತದೆ ಎಂಬ ಎರಡು ಸಂಗತಿಗಳನ್ನು ನೋಡಬೇಕು.

ಗೋಡೆಯ ಗಾರೆ ನೆಲಕ್ಕೆ ತಾಗುವ ಕಡೆ ನೇರವಾದ ಗೆರೆ ಸಾಮಾನ್ಯವಾಗಿ ಬರುವುದೇ ಇಲ್ಲ. ಆ ಒರಟು ಸಂದನ್ನು ಮುಚ್ಚುವುದು ಸ್ಕರ್ಟಿಂಗ್ ಮಾಡುವ, ಕಣ್ಣಿಗೆ ಕಾಣುವ ಕೆಲಸ. ಕಾಣದ ಕೆಲಸ ಅದಕ್ಕಿಂತ ದೊಡ್ಡದು. ಒದ್ದೆ ಬಟ್ಟೆಯಿಂದ ನೆಲ ಒರೆಸುವಾಗ ಪ್ರತಿಸಲವೂ ಸ್ವಲ್ಪ ನೀರು ಗೋಡೆಗೆ ತಾಗುತ್ತದೆ. ತಡೆಯಿಲ್ಲದಿದ್ದರೆ ಗಾರೆ ಆ ನೀರನ್ನು ಹೀರಿಕೊಂಡು, ಕೆಲವು ತಿಂಗಳಲ್ಲೇ ಬಣ್ಣ ಉಬ್ಬಿ ಹಪ್ಪಳದಂತೆ ಏಳುತ್ತದೆ. ಕುರ್ಚಿಯ ಕಾಲು, ಪೊರಕೆ, ವ್ಯಾಕ್ಯೂಮ್ ಕ್ಲೀನರ್‌ನ ಮೂತಿ ಇವುಗಳ ಪೆಟ್ಟೂ ಅಲ್ಲಿಗೇ ಬೀಳುತ್ತದೆ. ಇಷ್ಟಕ್ಕೆಲ್ಲ 75ರಿಂದ 100 ಮಿಲಿಮೀಟರ್ ಎತ್ತರ ಸಾಕು. ಅದಕ್ಕಿಂತ ಎತ್ತರದ ಪಟ್ಟಿ ಅಲಂಕಾರಕ್ಕೆ.

ದಿನವೂ ನೀರು ಹಾಕಿ ಒರೆಸುವ ಕೋಣೆಗೆ ಟೈಲ್ಸ್ ಅಥವಾ ಕಲ್ಲಿನ ಸ್ಕರ್ಟಿಂಗ್‌ಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಹೆಚ್ಚು ಶಾಖದಲ್ಲಿ ಸುಟ್ಟು ಗಾಜಿನಂತೆ ಗಟ್ಟಿಯಾಗಿಸಿದ ವಿಟ್ರಿಫೈಡ್ ಟೈಲ್ ತನ್ನ ತೂಕದ ಶೇಕಡಾ 0.5ಕ್ಕಿಂತ ಹೆಚ್ಚು ನೀರು ಹೀರುವುದಿಲ್ಲ. ಗೋಡೆಗೆ ಹಚ್ಚುವ ಮಾಮೂಲಿ ಸೆರಾಮಿಕ್ ಟೈಲ್ ಶೇಕಡಾ 10ಕ್ಕೂ ಮೀರಿ ಹೀರಬಲ್ಲದು. ಆದ್ದರಿಂದ ಅಡುಗೆಮನೆಯ ಗೋಡೆಯಿಂದ ಉಳಿದ ಟೈಲನ್ನು ಕತ್ತರಿಸಿ ಸ್ಕರ್ಟಿಂಗ್ ಮಾಡಿದರೆ ನೋಡಲು ಒಂದೇ ಥರ ಕಂಡರೂ ಬಾಳಿಕೆಯಲ್ಲಿ ಅದು ಬೇರೆಯೇ ವಸ್ತು. ಕತ್ತರಿಸಿದ ಅಂಚು ಎತ್ತ ಇರಬೇಕೆಂಬುದನ್ನೂ ಗಮನಿಸಿ: ಕಾರ್ಖಾನೆಯ ಅಂಚು ಮೇಲಕ್ಕೆ, ಯಂತ್ರ ಕೊಯ್ದ ಅಂಚು ನೆಲದ ಕಡೆಗೆ. ಮೇಲ್ಮೈಗೆ ಮಾತ್ರ ಬಣ್ಣವಿರುವ ಟೈಲನ್ನು ತಿರುಗುಮುರುಗಾಗಿ ಅಂಟಿಸಿದರೆ ಒಳಗಿನ ಮಣ್ಣಿನ ಬಣ್ಣ ಕೋಣೆಯ ಸುತ್ತಲೂ ಒಂದು ಗೆರೆಯಾಗಿ ಕಾಣುತ್ತಲೇ ಇರುತ್ತದೆ. ಕಲ್ಲಿನಲ್ಲಿ ಗ್ರಾನೈಟ್ ನಿಶ್ಚಿಂತೆಯದು. ಅಮೃತಶಿಲೆ ಸುಣ್ಣದ ಅಂಶದ ಕಲ್ಲಾದುದರಿಂದ ಆಮ್ಲ ಬೆರೆತ ನೆಲದ ದ್ರಾವಣ ಬಿದ್ದಲ್ಲೆಲ್ಲ ಹೊಳಪು ಕಳೆದುಕೊಳ್ಳುತ್ತದೆ, ಮತ್ತು ಆ ದ್ರಾವಣ ಹೆಚ್ಚಾಗಿ ನಿಲ್ಲುವುದು ಗೋಡೆಯ ಬುಡದಲ್ಲಿಯೇ.

ಟೈಲ್ಸ್ ಸ್ಕರ್ಟಿಂಗ್‌ನ ಬಗ್ಗೆ ಕೇಳಿಬರುವ ದೊಡ್ಡ ದೂರು ದೂಳಿನದು. ಟೈಲ್‌ನ 8ರಿಂದ 10 ಮಿಲಿಮೀಟರ್ ದಪ್ಪಕ್ಕೆ ಅಂಟಿನ ದಪ್ಪವೂ ಸೇರಿ ಗೋಡೆಯಿಂದ ಹೊರಚಾಚಿದ ಸಣ್ಣ ಜಗಲಿಯೊಂದು ಉಂಟಾಗುತ್ತದೆ, ಅದನ್ನು ಒರೆಸುವ ಗೋಜು ಎಂದಿಗೂ ತಪ್ಪುವುದಿಲ್ಲ. ಇದಕ್ಕೆ ಪರಿಹಾರವಿದೆ, ಆದರೆ ಅದು ಸಾಮಗ್ರಿಯಲ್ಲಿಲ್ಲ, ಸಮಯದಲ್ಲಿದೆ. ಗಾರೆ ಮಾಡುವಾಗಲೇ ಗೋಡೆಯ ಕೆಳಗಿನ ಅಷ್ಟು ಎತ್ತರವನ್ನು ಖಾಲಿ ಬಿಟ್ಟರೆ ಟೈಲ್ ಗೋಡೆಯ ಮಟ್ಟಕ್ಕೇ ಕೂರುತ್ತದೆ. ಗಾರೆಗೂ ಟೈಲ್‌ಗೂ ನಡುವೆ ಗೆರೆಯಂತಹ ಒಂದು ಸಣ್ಣ ಸಂದನ್ನು ಬಿಟ್ಟರೆ ಮುಂದೆ ಬಿರುಕು ಬಂದರೂ ಆ ಗೆರೆಯಲ್ಲೇ ಅಡಗುತ್ತದೆ. ಗಾರೆ ಮುಗಿದ ಮೇಲೆ ಈ ಆಸೆ ಹುಟ್ಟಿದರೆ ಗೋಡೆಯನ್ನು ಕೆತ್ತಬೇಕಾಗುತ್ತದೆ, ಅದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ.

ಮರದ ನೆಲ ಅಥವಾ ಲ್ಯಾಮಿನೇಟ್ ನೆಲವಿರುವ ಕೋಣೆಯ ಲೆಕ್ಕ ಬೇರೆ. ಅಂತಹ ನೆಲ ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಅದಕ್ಕಾಗಿ ಗೋಡೆಯ ಉದ್ದಕ್ಕೂ ಸುಮಾರು 8ರಿಂದ 12 ಮಿಲಿಮೀಟರ್ ಸಂದು ಬಿಡುತ್ತಾರೆ, ಅದನ್ನು ಮುಚ್ಚುವುದೇ ಸ್ಕರ್ಟಿಂಗ್‌ನ ಮುಖ್ಯ ಕೆಲಸವಾಗುತ್ತದೆ. ಹೀಗಾಗಿ ಪಟ್ಟಿ ಆ ಸಂದಿಗಿಂತ ದಪ್ಪವಿರಬೇಕು, ಗೋಡೆಗೆ ಮಾತ್ರ ಬಿಗಿಯಾಗಬೇಕು, ನೆಲಕ್ಕೆ ಅಂಟಬಾರದು. ಸಂದಿಗೆ ಸಿಮೆಂಟ್ ತುಂಬಿ ಟೈಲ್ ಸ್ಕರ್ಟಿಂಗ್ ಕೂರಿಸಿದರೆ, ನೆಲಕ್ಕೆ ಹಿಗ್ಗಲು ಜಾಗವಿಲ್ಲದೆ ಕೋಣೆಯ ನಡುವೆ ಉಬ್ಬಿ ಏಳುತ್ತದೆ. ಇಲ್ಲಿ ಗಟ್ಟಿಮರದ ಪಟ್ಟಿಯೇ ಸಹಜ ಜೊತೆ. ಮರ ತನ್ನ ನಾರಿನ ಉದ್ದಕ್ಕೆ ಹೆಚ್ಚೇನೂ ಬದಲಾಗದು, ಅಗಲಕ್ಕೆ ಮಾತ್ರ ಬದಲಾಗುತ್ತದೆ. ಹಾಗಾಗಿ ಪಟ್ಟಿ ಹೆಚ್ಚು ಎತ್ತರವಿಲ್ಲದಿದ್ದರೆ ತೊಂದರೆಯೂ ಕಡಿಮೆ. ಮುಂದಿನ ಮುಖಕ್ಕೆ ಪಾಲಿಶ್ ಹೊಡೆದು ಹಿಂಬದಿಯನ್ನು ಹಾಗೇ ಬಿಡುವುದು ಬಡಗಿಗಳ ಹಳೆಯ ಅಭ್ಯಾಸ; ಗೋಡೆಯ ತೇವ ಹಿಂದಿನಿಂದಲೇ ಬರುವುದರಿಂದ ಅಲ್ಲಿಗೂ ಒಂದು ಕೈ ಬಳಿಯಬೇಕು, ಇಲ್ಲವಾದರೆ ಪಟ್ಟಿ ಬಾಗುತ್ತದೆ.

ಈಗ ಎಂಡಿಎಫ್. ಮರದ ನಾರನ್ನು ರಾಳದೊಂದಿಗೆ ಒತ್ತಿ ಮಾಡಿದ ಈ ಹಲಗೆಯಲ್ಲಿ ಗಂಟುಗಳಿಲ್ಲ, ಬಣ್ಣ ಕನ್ನಡಿಯಂತೆ ಕೂರುತ್ತದೆ, ಗೋಡೆ ಸ್ವಲ್ಪ ಅಂಕುಡೊಂಕಾಗಿದ್ದರೂ ಬಾಗಿ ಹೊಂದಿಕೊಳ್ಳುತ್ತದೆ. ಚಿತ್ರಗಳಲ್ಲಿ ಕಾಣುವ ಎತ್ತರದ ಬಿಳಿ ಸ್ಕರ್ಟಿಂಗ್ ಬಹುಪಾಲು ಇದೇ. ಅದರ ದೋಷ ಒಂದೇ, ಆದರೆ ಕ್ಷಮಿಸಲಾಗದ ದೋಷ: ಕೊಯ್ದ ಅಂಚಿನಿಂದ ನೀರು ಒಳಗಿಳಿದರೆ ನಾರುಗಳು ಉಬ್ಬುತ್ತವೆ, ಒಣಗಿದ ಮೇಲೂ ಮೊದಲಿನ ಆಕಾರಕ್ಕೆ ಮರಳುವುದಿಲ್ಲ. ತೇವ ತಾಳುವ ಬಗೆಯ ಎಂಡಿಎಫ್ ಇದೆ, ಗುರುತಿಗಾಗಿ ಅದಕ್ಕೆ ಹಲವೆಡೆ ಹಸಿರು ಬಣ್ಣ ಬೆರೆಸಿರುತ್ತಾರೆ. ಅದು ತೇವದ ಗಾಳಿಯನ್ನು ತಾಳುತ್ತದೆ, ನಿಂತ ನೀರನ್ನಲ್ಲ. ಕೆಳಗಿನ ಅಂಚಿಗೆ ಪ್ರೈಮರ್ ಬಳಿದು, ನೆಲದಿಂದ ಎರಡು ಮಿಲಿಮೀಟರ್ ಮೇಲೆ ಕೂರಿಸಿ, ಒಣಗಿದ ಮಾಪ್ ಮಾತ್ರ ಆಡುವ ಮಲಗುವ ಕೋಣೆಯಲ್ಲಿ ಹಾಕಿಸುವುದಾದರೆ ಸರಿ. ಬಚ್ಚಲಿನ ಬಾಗಿಲ ಪಕ್ಕದಲ್ಲಿ ಖಂಡಿತ ಬೇಡ.

ನೀರಿಗೂ ಗೆದ್ದಲಿಗೂ ಹೆದರದ ಪಿವಿಸಿ ಪಟ್ಟಿಗಳು ಈ ಭಯಕ್ಕೆ ಉತ್ತರವೆಂದು ಮಾರಾಟವಾಗುತ್ತವೆ, ಆ ಮಾತು ಸುಳ್ಳಲ್ಲ. ಹಿಂದೆ ತಂತಿ ಎಳೆಯಲು ಟೊಳ್ಳಿರುವ ಪಟ್ಟಿಗಳಂತೂ ನಿಜಕ್ಕೂ ಉಪಯುಕ್ತ. ಆದರೆ ಪ್ಲಾಸ್ಟಿಕ್ ಬಿಸಿಲಿಗೆ ಬೆಳೆಯುತ್ತದೆ. ಮೂರು ಮೀಟರ್ ಉದ್ದದ ಪಿವಿಸಿ ಪಟ್ಟಿ 20 ಡಿಗ್ರಿ ಸೆಲ್ಸಿಯಸ್ ಏರಿಳಿತಕ್ಕೆ ಸುಮಾರು 4 ಮಿಲಿಮೀಟರ್ ಉದ್ದವಾಗುತ್ತದೆ. ಅಷ್ಟೇ ಉದ್ದದ ಅಲ್ಯೂಮಿನಿಯಂ ಒಂದೂವರೆ ಮಿಲಿಮೀಟರ್‌ನಷ್ಟು, ಗ್ರಾನೈಟ್ ಅರ್ಧ ಮಿಲಿಮೀಟರ್‌ನಷ್ಟು. ದೊಡ್ಡ ಗಾಜಿನ ಕಿಟಕಿಯ ಕೆಳಗೆ ಬಿಸಿಲು ಬೀಳುವ ಗೋಡೆಗೆ ಪಿವಿಸಿಯನ್ನು ಒತ್ತೊತ್ತಾಗಿ ಜೋಡಿಸಿದರೆ ಅದು ಅಲೆಯಂತೆ ಏಳುವುದು ಇದೇ ಕಾರಣಕ್ಕೆ. ಬೆಂಕಿ ಬಿದ್ದಾಗ ಪಿವಿಸಿಯ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷಾನಿಲ ಇರುತ್ತದೆ ಎಂಬುದನ್ನೂ ಮರೆಯಬಾರದು. ಅಲ್ಯೂಮಿನಿಯಂ ಪಟ್ಟಿ ತೆಳು, ಅಚ್ಚುಕಟ್ಟು, ಆದರೆ ಒಮ್ಮೆ ತಗ್ಗು ಬಿದ್ದರೆ ಮತ್ತೆ ನೇರವಾಗದು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಎಚ್ಚರಿಕೆ ಉಳಿಯುತ್ತದೆ. ನೆಲದಿಂದಲೇ ಗೋಡೆಗೆ ತೇವ ಏರುತ್ತಿದ್ದರೆ ಯಾವ ಸ್ಕರ್ಟಿಂಗೂ ಅದಕ್ಕೆ ಮದ್ದಲ್ಲ. ಟೈಲ್ ಹಚ್ಚಿದರೆ ಆ ತೇವ ಹೊರಬರಲಾಗದೆ ಟೈಲ್‌ನ ಮೇಲಂಚನ್ನು ದಾಟಿ ಏರಿ ಅಲ್ಲಿ ಬಿಳಿ ಉಪ್ಪಾಗಿ ಕಾಣಿಸಿಕೊಳ್ಳುತ್ತದೆ. ಮರ ಹಾಕಿದರೆ ಹಿಂಬದಿ ಕೊಳೆಯುತ್ತದೆ. ಅನುಮಾನವಿದ್ದರೆ ಗೋಡೆಯ ಬುಡಕ್ಕೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಅಂಟಿಸಿ, ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮುಖದಲ್ಲಿ ಹನಿಗಳು ಮೂಡಿದ್ದರೆ ತೇವ ಗೋಡೆಯೊಳಗಿದೆ, ಹೊರಮುಖದಲ್ಲಿದ್ದರೆ ಅದು ಕೋಣೆಯ ಗಾಳಿಯದು. ಮೊದಲನೆಯದಾದರೆ ಸ್ಕರ್ಟಿಂಗ್ ಖರೀದಿಯನ್ನು ಮುಂದೂಡಿ ಮೊದಲು ಗೋಡೆಯನ್ನು ಸರಿಪಡಿಸಿಕೊಳ್ಳಬೇಕು.

ಸಾಮಗ್ರಿ ನಿಶ್ಚಯವಾದ ಮೇಲೆ ಅಳತೆಯ ಮಾತು. ಪಟ್ಟಿಯ ದಪ್ಪ ಬಾಗಿಲ ಚೌಕಟ್ಟು ಗೋಡೆಯಿಂದ ಹೊರಚಾಚಿರುವುದಕ್ಕಿಂತ ಹೆಚ್ಚಿರಬಾರದು, ಇಲ್ಲವಾದರೆ ಅದರ ಕೊಯ್ದ ತುದಿ ಪ್ರತಿ ಬಾಗಿಲಲ್ಲೂ ಮುಂದಕ್ಕೆ ಇಣುಕುತ್ತದೆ. ಕೋಣೆಯ ಸುತ್ತಳತೆಯಿಂದ ಬಾಗಿಲುಗಳ ಅಗಲ ಕಳೆದು, ಮೂಲೆಗಳಲ್ಲಿ ಕೊಯ್ದು ಹಾಳಾಗುವುದಕ್ಕೆಂದು ಹತ್ತರಲ್ಲಿ ಒಂದು ಪಾಲು ಸೇರಿಸಿ ತರಿಸಿ. ಉಳಿದ ತುಂಡುಗಳನ್ನು ಎಸೆಯದೆ ಅಟ್ಟದ ಮೇಲಿಡಿ. ನಾಲ್ಕು ವರ್ಷ ಕಳೆದು ಒಂದು ಪಟ್ಟಿ ಒಡೆದಾಗ ಅದೇ ಬಣ್ಣದ್ದು ಅಂಗಡಿಯಲ್ಲಿ ಸಿಗುವ ಭರವಸೆಯಿಲ್ಲ.